ಕ್ಷಣಮಾತ್ರ ತೆರೆಯುವ ಬಾಗಿಲು



2019ರಲ್ಲಿ, ನನ್ನ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ನೀವು ಕೆಲವರು ಸೇರಿ ಕೊಡಿಸಿದ ಗಣಕಯಂತ್ರವು ಈಚೆಗೆ ನನ್ನನ್ನು ಒಂದು ವಿಚಿತ್ರ ಪರೀಕ್ಷೆಗೆ ಒಡ್ಡಿತು. ಅದರಲ್ಲಿದ್ದ ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿತ್ತು. ವಿಂಡೋಸ್ 11ನ್ನು ಹಾಕಲು ಹೊರಟರೆ, ಈ ಯಂತ್ರಕ್ಕೆ ಅದು ಒಗ್ಗದೆಂಬ ಸೂಚನೆ ಬಂದಿತು. ರಿಪೇರಿಯವನು, "ಹಳೇದು ಸಾರ್, ಬೇರೆ ತಗೊಂಡ್ಬಿಡಿ" ಎಂದ. ಪ್ರೀತಿಯಿಂದ ಬಂದ ವಸ್ತುವನ್ನು ಅಷ್ಟು ಸುಲಭವಾಗಿ ಮೂಲೆಗೆ ಸರಿಸಲು ಮನಸ್ಸು ಒಪ್ಪಲಿಲ್ಲ.

ಬೆಂಗಳೂರಿನಲ್ಲಿರುವ ಶಿಷ್ಯನೊಬ್ಬನಿಗೆ ಫೋನ್ ಮಾಡಿದೆ. "ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು ಸಾರ್. ನಿಮ್ಮದರಲ್ಲಿ ಅದು ಇದೆ, ಆಫ್ ಆಗಿದೆ ಅಷ್ಟೆ. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಎಫ್2 ಒತ್ತಿ, ಫರ್ಮ್‌ವೇರ್ ಸೆಟ್ಟಿಂಗ್ಸ್ ಒಳಗೆ ಹೋಗಿ" ಎಂದ.

ಒತ್ತಿದೆ. ಒಂದಲ್ಲ, ಇಪ್ಪತ್ತು ಸಲ. ಪ್ರತಿಸಲವೂ ನನ್ನ ಬೆರಳು ಕೀಲಿಯನ್ನು ಮುಟ್ಟುವಷ್ಟರಲ್ಲಿ ಪಾಸ್‌ವರ್ಡ್ ಕೇಳುವ ಪರದೆ ಎದುರಿಗಿರುತ್ತಿತ್ತು. ಮುಪ್ಪಿನ ಕೈಗಳನ್ನೇ ಹಳಿದುಕೊಂಡೆ.

"ತಪ್ಪು ನಿಮ್ಮ ಕೈಯದಲ್ಲ ಸಾರ್" ಎಂದು ಅವನು ವಿವರಿಸಿದ. 2012ರಲ್ಲಿ ಬಂದ ವಿಂಡೋಸ್ 8ರಿಂದಲೇ ಈ ವೇಗ ಮೊದಲಾಯಿತಂತೆ. ನಾವು ಷಟ್‌ಡೌನ್ ಎಂದಾಗ ಯಂತ್ರವು ಎಲ್ಲವನ್ನೂ ಅಳಿಸುವುದಿಲ್ಲ; ತನ್ನ ಮೂಲಭಾಗದ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟುಕೊಂಡು, ಮರುದಿನ ಅಲ್ಲಿಂದಲೇ ಮುಂದುವರಿಯುತ್ತದೆ. ಕೆಲವು ಯಂತ್ರಗಳಲ್ಲಿ ಕೀಲಿ ಒತ್ತಲು ಸಿಗುವ ಅವಕಾಶ 200 ಮಿಲಿಸೆಕೆಂಡಿಗಿಂತಲೂ ಕಡಿಮೆ, ಅಂದರೆ ಒಂದು ಸೆಕೆಂಡಿನ ಐದನೆಯ ಒಂದು ಭಾಗವೂ ಇಲ್ಲ. ಫರ್ಮ್‌ವೇರಿನದೇ ಫಾಸ್ಟ್ ಬೂಟ್ ಜಾರಿಯಲ್ಲಿದ್ದರೆ, ಕೆಲವು ಯಂತ್ರಗಳು ಆ ಹೊತ್ತಿನಲ್ಲಿ ಯುಎಸ್‌ಬಿ ಕೀಲಿಮಣೆಯನ್ನು ಗುರುತಿಸುವುದೂ ಇಲ್ಲ.

ಉಪಾಯ ಸರಳವಾಗಿತ್ತು. ಓಡುವವನನ್ನು ಬೆನ್ನಟ್ಟುವ ಬದಲು ಮೊದಲೇ ಚೀಟಿ ಕೊಟ್ಟಿಡುವುದು. ವಿಂಡೋಸ್ ಒಳಗೇ ಇದ್ದು, ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ರೀಸ್ಟಾರ್ಟ್ ಕ್ಲಿಕ್ಕಿಸಬೇಕು. ಬರುವ ಪರದೆಯಲ್ಲಿ ಟ್ರಬಲ್‌ಶೂಟ್, ಅನಂತರ ಅಡ್ವಾನ್ಸ್ಡ್ ಆಪ್ಷನ್ಸ್, ಅನಂತರ ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್, ಕೊನೆಗೆ ರೀಸ್ಟಾರ್ಟ್. "ಮುಂದಿನ ಸಲ ನಿಲ್ಲು" ಎಂಬ ಗುರುತು ಯಂತ್ರದ ಅಳಿಯದ ಸ್ಮೃತಿಯಲ್ಲಿ ಉಳಿಯುತ್ತದೆ. ಫರ್ಮ್‌ವೇರ್ ಎದ್ದೊಡನೆ ಅದನ್ನು ಓದಿ ನಿಲ್ಲುತ್ತದೆ. ನಿಂತಿತು! ಟಿಪಿಎಂ ಆನ್ ಮಾಡಿದೆ. (ನಿಮ್ಮ ಯಂತ್ರದಲ್ಲಿ ಬಿಟ್‌ಲಾಕರ್ ಇದ್ದರೆ, ಇಂಥ ಬದಲಾವಣೆಗೆ ಮೊದಲು ಅದರ ರಿಕವರಿ ಕೀಯನ್ನು ಬರೆದಿಟ್ಟುಕೊಳ್ಳಿ.)

ಅಂದು ರಾತ್ರಿ ನಿದ್ರೆ ಬೇಗ ಹತ್ತಲಿಲ್ಲ. ಗಣಿತದ ಮೇಷ್ಟ್ರು ಎಂದರೆ ವೇಗ ಎಂದು ನೀವೆಲ್ಲ ಹೇಳುತ್ತಿದ್ದಿರಿ. ನಾನೂ ಅದನ್ನು ಹೊಗಳಿಕೆಯೆಂದೇ ತಿಳಿದಿದ್ದೆ. ಕೊನೆಯ ಬೆಂಚಿನ ಹುಡುಗನೊಬ್ಬ ಹತ್ತನೆಯ ತರಗತಿಯಲ್ಲಿ ಗಣಿತದಲ್ಲಿ ನಪಾಸಾಗಿ ಓದು ಬಿಟ್ಟ. ಎಷ್ಟೋ ವರ್ಷಗಳ ನಂತರ ಬಸ್ ನಿಲ್ದಾಣದಲ್ಲಿ ಸಿಕ್ಕಿ, ಕಾಲು ಮುಟ್ಟಿ ನಮಸ್ಕರಿಸಿ, ನಗುತ್ತಲೇ ಹೇಳಿದ: "ನೀವು 'ಅರ್ಥವಾಯಿತೇ?' ಅಂತ ಕೇಳ್ತಿದ್ರಿ ಸಾರ್. ನಾನು ಏಳೋಷ್ಟರಲ್ಲಿ ಮುಂದಿನ ಲೆಕ್ಕಕ್ಕೆ ಹೋಗಿರ್ತಿದ್ರಿ."

ಅವನ ಮಾತಿನಲ್ಲಿ ದೂರು ಇರಲಿಲ್ಲ. ಆದುದರಿಂದಲೇ ಅದು ಇಂದಿಗೂ ಚುಚ್ಚುತ್ತದೆ. ಸೇವೆಯ ಕೊನೆಯ ಕೆಲವು ವರ್ಷಗಳಲ್ಲಿ ಮೇಜಿನ ಮೇಲೆ ಸೀಮೆಸುಣ್ಣದ ಖಾಲಿ ಡಬ್ಬಿಯೊಂದನ್ನು ಇಟ್ಟೆ; ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಹಾಕಿದರೆ, ಮರುದಿನ ಅವುಗಳಿಂದಲೇ ಪಾಠ ಆರಂಭಿಸುತ್ತಿದ್ದೆ. ಕೆಲವರಿಗೆ ಅದು ನೆನಪಿರಬಹುದು. ಆ ಹುಡುಗನ ಪಾಲಿಗೆ ಮಾತ್ರ ಡಬ್ಬಿ ತಡವಾಗಿ ಬಂದಿತು.

ಯಂತ್ರ ಈಗ ಕ್ಷೇಮವಾಗಿದೆ; ಈ ಬರಹವನ್ನು ಅದರಲ್ಲಿಯೇ ಬರೆದೆ. ಅಂದು ಕೇಳದೆ ಉಳಿದ ಪ್ರಶ್ನೆ ನಿಮ್ಮಲ್ಲಿ ಯಾರಿಗಾದರೂ ಇದ್ದರೆ ಬರೆಯಿರಿ. ನನಗೀಗ ಯಾವ ಆತುರವೂ ಇಲ್ಲ.