ಚೌಕ ಸೂರ್ಯನ ನಾಡಿನಲ್ಲಿ

ಭೂಮಧ್ಯರೇಖೆಯ ಮೇಲೆ ಭೂಮಿಗೆ ಒಂದು ಸುತ್ತು ಬಂದರೆ ಸುಮಾರು 40 ಸಾವಿರ ಕಿಲೋಮೀಟರ್. ನಾನು ಹೋಗಿ ಬಂದ ನಾಡಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ 60 ಸಾವಿರ ಕಿಲೋಮೀಟರ್. ನಟ್ಟನಡುವಿನಿಂದ ಹೊರಟು, ಊಟ ನಿದ್ದೆ ಬಿಟ್ಟು, ಅಲ್ಲಿನ ಬಿರುಸು ನಡಿಗೆಯಲ್ಲಿ ಒಂದೇ ಸಮ ನಡೆದರೂ ಅಂಚು ಮುಟ್ಟಲು ಎಂಬತ್ತು ದಿನ ಹಿಡಿಯುತ್ತದೆ. ಅಲ್ಲಿ ಸೂರ್ಯ ಚೌಕ, ಚಂದ್ರ ಚೌಕ. ಒಂದು ಬೆಳಗಿನಿಂದ ಮರುದಿನದ ಬೆಳಗಿಗೆ ನಮ್ಮ ಗಡಿಯಾರದಲ್ಲಿ 20 ನಿಮಿಷ. ಮರದ ಬುಡ ಕಡಿದರೆ ಮೇಲಿನ ಕಾಂಡ ಉರುಳುವುದಿಲ್ಲ, ಏನೂ ಆಗದ ಹಾಗೆ ಗಾಳಿಯಲ್ಲೇ ನಿಂತಿರುತ್ತದೆ. ಇಷ್ಟು ದೊಡ್ಡ ನಾಡಿಗೆ ಹೋಗಲು ಪಾಸ್‌ಪೋರ್ಟು, ವೀಸಾ ಏನೂ ಕೇಳಲಿಲ್ಲ. ಬೆಂಗಳೂರಿನ ನಮ್ಮ ಮನೆಯ ಹಾಲಿನಲ್ಲಿ ಸೋಫಾವನ್ನು ಗೋಡೆಗೆ ಸರಿಸಿದ್ದಷ್ಟೇ ತಯಾರಿ. ನಾಡಿನ ಹೆಸರು ಮೈನ್‌ಕ್ರಾಫ್ಟ್.

ಸ್ವೀಡನ್ನಿನ ಮಾರ್ಕಸ್ ಪರ್ಸನ್ 2009ರಲ್ಲಿ ಜನರ ಮುಂದಿಟ್ಟ ಆಟ ಇದು. 2023ರ ಹೊತ್ತಿಗೆ ಇದರ 30 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು. ಇಂಥದ್ದೇ ಮಾಡು ಎಂದು ಹೇಳುವವರಿಲ್ಲದ ಸ್ಯಾಂಡ್‌ಬಾಕ್ಸ್ ಆಟ. ಮಣ್ಣು, ಕಲ್ಲು, ಮರ, ನೀರು ಎಲ್ಲವೂ ಘನಾಕಾರದ ತುಂಡುಗಳು. ಅಗೆಯಬಹುದು, ಕಟ್ಟಬಹುದು, ಸುಮ್ಮನೆ ಅಲೆಯಬಹುದು. ಅಕ್ಕನ ಮಗಳು ಲ್ಯಾಪ್‌ಟಾಪಿನಲ್ಲಿ ಇದನ್ನು ಆಡುವುದನ್ನು ವರ್ಷಗಟ್ಟಲೆ ಪಕ್ಕದಲ್ಲಿ ಕೂತು ನೋಡಿದ್ದೇನೆ. ಒಂದೊಂದು ತುಂಡೂ ಒಂದು ಮೀಟರ್ ಉದ್ದ, ಅಗಲ, ಎತ್ತರ ಎಂದು ಅವಳೇ ಹೇಳಿದ್ದಳು. ಹದಿನೈದು ಇಂಚಿನ ಪರದೆಯಲ್ಲಿ ಒಂದು ಮೀಟರ್ ಎಂದರೆ ಎಷ್ಟು? ಇಟ್ಟಿಗೆಯಷ್ಟು ಕಾಣುತ್ತಿತ್ತು. ಇಟ್ಟಿಗೆ ಎಂದೇ ತಿಳಿದುಕೊಂಡಿದ್ದೆ.

ಆ ನಾಡಿಗೆ ದಾರಿ ಹಾಕಿದವರ ಕಥೆಯೂ ಚೆನ್ನಾಗಿದೆ. 2014ರ ಮಾರ್ಚ್‌ನಲ್ಲಿ ಹಾಕಿಕೊಂಡರೆ ಆಟದ ಲೋಕದೊಳಗೇ ನಿಂತಂತೆ ತೋರಿಸುವ ವರ್ಚುವಲ್ ರಿಯಾಲಿಟಿ (ವಿಆರ್) ಕನ್ನಡಕ ಮಾಡುತ್ತಿದ್ದ ಆಕ್ಯುಲಸ್ ಕಂಪನಿಯನ್ನು ಕೊಳ್ಳುವುದಾಗಿ ಫೇಸ್‌ಬುಕ್ ಪ್ರಕಟಿಸಿತು. ಆ ಕನ್ನಡಕಕ್ಕೆ ಮೈನ್‌ಕ್ರಾಫ್ಟ್ ತರುವ ಮಾತುಕತೆಯಲ್ಲಿದ್ದ ಪರ್ಸನ್ ಆ ಸುದ್ದಿ ಕೇಳಿದ್ದೇ ಹಿಂದೆ ಸರಿದರು. ಅದೇ ವರ್ಷ ಅವರ ಮೊಜಾಂಗ್ ಕಂಪನಿಯೂ 250 ಕೋಟಿ ಡಾಲರಿಗೆ ಮೈಕ್ರೋಸಾಫ್ಟ್ ಪಾಲಾಯಿತು. 2016ರಲ್ಲಿ ಗಿಯರ್ ವಿಆರ್ ಮತ್ತು ರಿಫ್ಟ್‌ಗೆ, 2020ರಲ್ಲಿ ಪ್ಲೇಸ್ಟೇಷನ್ ವಿಆರ್‌ಗೆ ಅಧಿಕೃತ ಬಾಗಿಲು ತೆರೆಯಿತು. ಆದರೆ ಅದು ಆಟದ ಎರಡು ಆವೃತ್ತಿಗಳಲ್ಲಿ ಬೆಡ್‌ರಾಕ್‌ಗೆ ಮಾತ್ರ. 2025ರ ಮಾರ್ಚ್ ದಾಟಿದ ಮೇಲೆ ಬಂದ ಹೊಸ ಆವೃತ್ತಿಗಳಲ್ಲಿ ಆ ಬಾಗಿಲೂ ಇಲ್ಲ. ಹಳೆಯ ಜಾವಾ ಆವೃತ್ತಿಗೆ ಕಂಪನಿ ಯಾವತ್ತೂ ಬಾಗಿಲು ಇಟ್ಟಿರಲೇ ಇಲ್ಲ. ಅಲ್ಲಿ ಗೋಡೆ ಕೊರೆದವರು ಹವ್ಯಾಸಿಗಳು. 2013ರ ಸುಮಾರಿಗೆ ಮೈನ್‌ಕ್ರಿಫ್ಟ್ ಎಂಬ ಮಾಡ್, ಅಂದರೆ ಆಟವನ್ನು ಬದಲಿಸಲು ಹೊರಗಿನವರು ಬರೆದ ತಂತ್ರಾಂಶ, ಬಂತು. ಅದರ ಬುನಾದಿಯ ಮೇಲೆ ವೈವ್‌ಕ್ರಾಫ್ಟ್ ಎದ್ದಿತು. ಕಾಸು ಕೇಳದೆ, ಕೋಡ್ ಮುಚ್ಚಿಡದೆ ಇಂದಿಗೂ ಅದನ್ನು ನಡೆಸಿಕೊಂಡು ಬರುತ್ತಿದ್ದಾರೆ. ನಾನು ಹೋದದ್ದು ಆ ದಾರಿಯಲ್ಲೇ.

ಪ್ರಯಾಣದ ಸಿದ್ಧತೆ ಸೋದರಸೊಸೆಯದು. ಬೇಕಾದದ್ದು ಮೈನ್‌ಕ್ರಾಫ್ಟ್ ಜಾವಾ ಆವೃತ್ತಿ, ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್, ಸ್ಟೀಮ್‌ವಿಆರ್ ತಂತ್ರಾಂಶ ಮತ್ತು ಕನ್ನಡಕ; ನಮ್ಮಲ್ಲಿದ್ದದ್ದು ಮೆಟಾ ಕ್ವೆಸ್ಟ್ 2. ಮೊದಲು ಫ್ಯಾಬ್ರಿಕ್ ಎಂಬ ಲೋಡರ್ ಹಾಕಿದಳು. ಮಾಡ್‌ಗಳನ್ನು ಆಟದೊಳಕ್ಕೆ ಕರೆದುಕೊಳ್ಳುವುದು ಅದರ ಕೆಲಸ. ಆಮೇಲೆ ವೈವ್‌ಕ್ರಾಫ್ಟ್ ಫೈಲನ್ನು ಮಾಡ್ಸ್ ಫೋಲ್ಡರಿಗೆ ಎಳೆದು ಬಿಟ್ಟಳು. "ಆಟದ ವರ್ಷನ್ನು, ಲೋಡರ್ ವರ್ಷನ್ನು, ಮಾಡ್ ವರ್ಷನ್ನು ಮೂರೂ ಹೊಂದಬೇಕು ಮಾಮ. ಒಂದು ಹಿಂದೆ ಮುಂದೆ ಆದ್ರೂ ಆಟ ಓಪನ್ನೇ ಆಗಲ್ಲ," ಎಂದಳು. ಪಕ್ಕದಲ್ಲೇ ಸೋಡಿಯಂ ಎಂಬ ಇನ್ನೊಂದು ಫೈಲ್ ಬಿತ್ತು. ಚಿತ್ರ ಬಿಡಿಸುವ ವೇಗ ಹೆಚ್ಚಿಸಲು. ಲಾಂಚರ್ ಆಟಕ್ಕೆ ಕೊಟ್ಟಿದ್ದ 2 ಜಿಬಿ ಮೆಮೊರಿಯನ್ನು 4ಕ್ಕೆ ಏರಿಸಿದಳು.

ಇಷ್ಟೆಲ್ಲ ಏಕೆಂದು ಕೇಳಿದೆ. ಅವಳು ಕೊಟ್ಟ ಲೆಕ್ಕ ಕೇಳಿ ನನಗೆ ಮೊದಲ ಬೆರಗು ಅಲ್ಲೇ ಆಯಿತು. ನಮ್ಮ ಎರಡು ಕಣ್ಣುಗಳ ನಡುವೆ ಆರು ಸೆಂಟಿಮೀಟರ್ ಚಿಲ್ಲರೆ ಅಂತರವಿದೆ. ಅಷ್ಟು ಅಂತರದಿಂದ ಕಂಡಂತೆ ಎರಡು ಬೇರೆ ಬೇರೆ ಚಿತ್ರಗಳನ್ನು ಕಂಪ್ಯೂಟರ್ ಬಿಡಿಸಬೇಕು. ಅದೂ ಸೆಕೆಂಡಿಗೆ 90 ಸಲ. ಅಂದರೆ ಪ್ರತಿ ಜೋಡಿಗೆ ಸಿಗುವುದು 11 ಮಿಲಿಸೆಕೆಂಡು. ತಲೆ ತಿರುಗಿಸಿದ ತಕ್ಷಣ ಲೋಕವೂ ತಿರುಗದಿದ್ದರೆ ಹೊಟ್ಟೆ ತೊಳಸತೊಡಗುತ್ತದೆ. ಎಷ್ಟು ದೂರದವರೆಗೆ ಕಾಣಬೇಕು ಎಂಬುದನ್ನು ಅವಳು ಹನ್ನೆರಡು ಚಂಕಿಗೆ ನಿಲ್ಲಿಸಿದಳು. ಚಂಕ್ ಒಂದಕ್ಕೆ 16 ಮೀಟರ್, ಆಚೆಗೆ ಮಬ್ಬು. ಕೊನೆಗೆ ಕೋಣೆಯ ನೆಲದ ಮೇಲೆ ಕಂಟ್ರೋಲರಿನಿಂದ ಗೆರೆ ಎಳೆದು ನನಗೆ ಗಡಿ ಹಾಕಿದಳು. ಅದರಾಚೆ ಟೀವಿ ಸ್ಟ್ಯಾಂಡ್ ಇದೆ.

ಕನ್ನಡಕ ಹಾಕಿಕೊಂಡಾಗ ಮೊದಲು ಕಂಡದ್ದು ಗಾಳಿಯಲ್ಲಿ ತೂಗುತ್ತಿದ್ದ ಕನ್ನಡ ಅಕ್ಷರಗಳು. ಮೈನ್‌ಕ್ರಾಫ್ಟಿನ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಸ್ವಯಂಸೇವಕರು ಮಾಡಿದ ಅನುವಾದ. ಅವಳು ನನಗೆ ಹೇಳದೆ ಅದನ್ನೇ ಆರಿಸಿಟ್ಟಿದ್ದಳು. ಕೈಯಿಂದ ಕಿರಣ ಬಿಟ್ಟು ಒಂದು ಗುಂಡಿ ಒತ್ತಿದೆ. ಅಕ್ಷರಗಳು ಮಾಯವಾದವು. ಹುಲ್ಲುಗಾವಲಿನಲ್ಲಿ ನಿಂತಿದ್ದೆ.

ಎದುರಿಗೆ ಒಂದು ಮಣ್ಣಿನ ತುಂಡು. ಅದು ನನ್ನ ಸೊಂಟದವರೆಗೆ ಬರುತ್ತಿತ್ತು! ಇಟ್ಟಿಗೆ ಎಂದುಕೊಂಡಿದ್ದದ್ದು ಅಡುಗೆಮನೆ ಕಟ್ಟೆಗಿಂತ ಎತ್ತರವಿತ್ತು. ಬಗ್ಗಿ ನೋಡಿದೆ, ಹುಲ್ಲಿನ ಹಸಿರು ಅಂಚು, ಅದರ ಕೆಳಗೆ ಕಂದು ಚುಕ್ಕೆಗಳು, ಒಂದೊಂದು ಚುಕ್ಕೆಯೂ ಮೂರು ಬೆರಳಗಲ. ಹತ್ತಿರದ ಓಕ್ ಮರದ ಕೆಳಗೆ ಹೋಗಿ ತಲೆ ಎತ್ತಿದೆ. ಎಲೆಗಳ ತೂತುಗಳಿಂದ ಬಾನು ಕಾಣುತ್ತಿತ್ತು. ಕುರಿಯೊಂದು ಬಂದು ಎದುರಿಗೇ ನಿಂತಿತು. ಪರದೆಯ ಮೇಲೆ ಬೊಂಬೆಯ ಹಾಗಿದ್ದ ಕುರಿ ಇಲ್ಲಿ ನನ್ನ ಎದೆಮಟ್ಟಕ್ಕಿತ್ತು. ಜೇನುನೊಣ ಹಾರಿ ಬಂದಾಗ ಎರಡು ಹೆಜ್ಜೆ ಹಿಂದೆ ಸರಿದೆ. ಅದರ ಅಗಲ ಮುಕ್ಕಾಲು ಮೀಟರಿಗೆ ತುಸು ಕಮ್ಮಿ, ಸಣ್ಣ ನಾಯಿಯಷ್ಟು!

ನಾಡಿನ ಅಳತೆಗಳೆಲ್ಲ ಹಳೆಯವೇ. ಯಾರೂ ವಿಆರ್‌ಗೆಂದು ಏನನ್ನೂ ದೊಡ್ಡದು ಮಾಡಿಲ್ಲ. ಇಷ್ಟು ವರ್ಷ ಸಂಖ್ಯೆಯಾಗಿದ್ದ ಮೀಟರನ್ನು ಮೊದಲ ಬಾರಿಗೆ ಮೈ ಅಳೆಯುತ್ತಿತ್ತು, ಅಷ್ಟೇ.

ಕೈಗಳ ಕಥೆ ಇನ್ನೂ ಸೊಗಸು. ಲ್ಯಾಪ್‌ಟಾಪಿನಲ್ಲಿ ಕಲ್ಲು ಒಡೆಯಲು ಮೌಸ್ ಒತ್ತಿ ಹಿಡಿದರೆ ಸಾಕು. ಇಲ್ಲಿ ಗುದ್ದಲಿಯನ್ನು ನಿಜವಾಗಿ ಬೀಸಬೇಕು. ಬಿಲ್ಲು ಹೂಡಲು ಒಂದು ಕೈಯಲ್ಲಿ ಬಿಲ್ಲು ಹಿಡಿದು ಇನ್ನೊಂದು ಕೈಯನ್ನು ಕಿವಿಯವರೆಗೆ ಎಳೆಯಬೇಕು. ಏಣಿ ಹತ್ತಲು ಒಂದು ಕೈ ಬಿಟ್ಟು ಇನ್ನೊಂದು ಕೈ ಹಿಡಿಯಬೇಕು. ದೋಣಿಗೆ ಹುಟ್ಟು ಹಾಕಬೇಕು, ರೊಟ್ಟಿ ತಿನ್ನಲು ಅದನ್ನು ಬಾಯಿಯ ಹತ್ತಿರ ಒಯ್ಯಬೇಕು. ರೊಟ್ಟಿ ಬಾಯಿಗೆ ಬಂದಾಗ ಕರಕರ ಸದ್ದು ಕೇಳುತ್ತದೆ, ಚೂರುಗಳು ಗಲ್ಲದ ಕೆಳಗೆ ಉದುರುತ್ತವೆ. ನಾಲಿಗೆ ಮಾತ್ರ ಖಾಲಿ. ಅಗೆಯುತ್ತ ಅಗೆಯುತ್ತ ಬಲಭುಜ ನೋಯತೊಡಗಿದಾಗ ನಗು ಬಂತು. ಆಟದ ಕಲ್ಲು ಅಗೆದು ನಿಜದ ನೋವು!

ಅಕ್ಕನ ಮಗಳು ಅದೇ ಮಾಡ್ ಹಾಕಿದ ತನ್ನ ಲ್ಯಾಪ್‌ಟಾಪಿನಿಂದ, ಕನ್ನಡಕವಿಲ್ಲದೆಯೇ, ಅದೇ ಲೋಕಕ್ಕೆ ಬಂದಳು. ನನಗೆ ಅವಳು ಬೆನ್ನು ನೆಟ್ಟಗೆ ಮಾಡಿಕೊಂಡ ಮರದ ಬೊಂಬೆ. ಅವಳಿಗೆ ನಾನು ಕಾಣುತ್ತಿದ್ದ ರೀತಿಯೇ ಬೇರೆ. ನನ್ನ ತಲೆಯ ಓಲಾಟ, ಎರಡು ಕೈಗಳ ಒಂದೊಂದು ಚಲನೆ ಎಲ್ಲವೂ ಅಲ್ಲಿಗೆ ಹೋಗುತ್ತಿದ್ದವು. "ಮಾಮ, ಈಗ ಕನ್ನಡಕ ಸರಿ ಮಾಡ್ಕೊಂಡ್ರಿ ಅಲ್ವಾ?" ಎಂದು ಪಕ್ಕದ ಕೋಣೆಯಿಂದ ಕೂಗಿದಳು. ಘನಾಕಾರದ ಒಂದು ಆಕೃತಿಯಲ್ಲಿ ಅವಳು ನನ್ನ ಅಭ್ಯಾಸವನ್ನು ಗುರುತು ಹಿಡಿದಿದ್ದಳು.

ಹತ್ತು ನಿಮಿಷದಲ್ಲಿ ಹಗಲು ಮುಗಿಯಿತು. ಅಲ್ಲಿನ ಕತ್ತಲಲ್ಲಿ ಹುಟ್ಟುವ ಜೀವಿಗಳಲ್ಲಿ ಎಂಡರ್‌ಮನ್ ಒಂದು. ಮೂರು ಮೀಟರಿಗೆ ಕೂದಲೆಳೆ ಕಮ್ಮಿ ಎತ್ತರ, ಕಡ್ಡಿಯಂಥ ಕೈಕಾಲು, ನೇರಳೆ ಕಣ್ಣು. ತನ್ನ ಪಾಡಿಗೆ ತಾನಿರುತ್ತದೆ. ಆದರೆ ಅದರ ಕಣ್ಣಲ್ಲಿ ಕಣ್ಣಿಟ್ಟರೆ ಮೈಮೇಲೆ ಬೀಳುತ್ತದೆ. ಪರದೆಯಲ್ಲಾದರೆ ಮೌಸ್ ಆಚೆ ಸರಿಸಬಹುದು. ಇಲ್ಲಿ ನನ್ನ ತಲೆ ತಿರುಗಿದ ಕಡೆಯೇ ನೋಟ. ಮನೆಯ ಮಾಡಿಗಿಂತ ಸ್ವಲ್ಪವೇ ಕೆಳಗಿರುವ ಕಪ್ಪು ಆಕೃತಿ ಪಕ್ಕದಲ್ಲಿ ನಿಂತಿರುವಾಗ ಅದರ ಮುಖ ನೋಡದೆ ಇರುವುದು ಎಷ್ಟು ಕಷ್ಟ ಎಂದು ಅಲ್ಲಿ ಗೊತ್ತಾಯಿತು. ನೆಲ ನೋಡುತ್ತ, ತಲೆ ತಗ್ಗಿಸಿಕೊಂಡು, ಅದರ ಪಾದಗಳನ್ನಷ್ಟೇ ಕಾಣುತ್ತ ದಾಟಿ ಬಂದೆ.

ಆಮೇಲೆ ಗುಹೆ. 2021ರ ಪರಿಷ್ಕರಣೆಯ ನಂತರ ಈ ನಾಡಿನ ಆಳ ಎತ್ತರ ಎರಡೂ ಸೇರಿ 384 ಮೀಟರ್. ಸಮುದ್ರಮಟ್ಟ 62ರಲ್ಲಿ, ವಜ್ರ ಹೆಚ್ಚು ಸಿಗುವುದು ಸೊನ್ನೆಗಿಂತ ಐವತ್ತೆಂಟು ಐವತ್ತೊಂಬತ್ತು ಮೀಟರ್ ಕೆಳಗೆ. ಅಷ್ಟು ಆಳಕ್ಕೆಂದು ಮೆಟ್ಟಿಲು ಕಡಿದುಕೊಂಡು ಇಳಿಯುತ್ತಿದ್ದಾಗ ದಾರಿಯ ನಡುವೆಯೇ ಬೂದು ಕಲ್ಲು ಹೋಗಿ ಕಡುಬಣ್ಣದ ಕಲ್ಲು ಬಂತು. ಒಂದು ಗೋಡೆ ಒಡೆದದ್ದೇ ಪಂಜಿನ ಬೆಳಕು ತಾಗದಷ್ಟು ದೊಡ್ಡ ಬಯಲು. ತಳದಲ್ಲಿ ಲಾವಾ ಕೆರೆ ಕೆಂಪಗೆ ಕುದಿಯುತ್ತಿತ್ತು. ನಾನು ನಿಂತಿದ್ದ ಕಲ್ಲಿನಂಚಿನಿಂದ ಕೆಳಕ್ಕೆ ಮೂವತ್ತು ಮೀಟರಾದರೂ ಇದ್ದಿರಬೇಕು. ಒಂದು ಹೆಜ್ಜೆ ಮುಂದಿಡಲು ಕಾಲು ಕೇಳಲಿಲ್ಲ. ಅಂಗಾಲಿಗೆ ತಣ್ಣನೆಯ ನೆಲ ತಾಗುತ್ತಿದೆ, ಫ್ಯಾನಿನ ಗಾಳಿ ಬೀಸುತ್ತಿದೆ, ಕುಕ್ಕರ್ ಕೂಗಿದ್ದು ಕೇಳುತ್ತಿದೆ. ಆದರೂ ಮೊಣಕಾಲು ನಡುಗುತ್ತಿದೆ. "ಮಾಮ, ಅದು ನಮ್ಮನೆ ಟೈಲ್ಸು. ಕಾಲಿಡಿ," ಎಂದಳು ಅವಳು. ಬುದ್ಧಿಗೆ ಗೊತ್ತಿತ್ತು. ಕಾಲಿಗೆ ಯಾರು ಹೇಳುವುದು?

ಎಲ್ಲರಿಗೂ ಈ ಪ್ರಯಾಣ ಸುಖವಾಗಿರುತ್ತದೆ ಎಂದು ಹೇಳಲಾರೆ. ಕಂಟ್ರೋಲರಿನ ಕೋಲು ಒತ್ತಿ ಗಡಗಡ ಓಡಾಡಿದರೆ ಕಣ್ಣು ಚಲಿಸುತ್ತಿದ್ದೇನೆ ಎನ್ನುತ್ತದೆ, ಒಳಕಿವಿ ನಿಂತಿದ್ದೇನೆ ಎನ್ನುತ್ತದೆ. ಆಗುಂಬೆ ಘಾಟಿಯ ಬಸ್ಸಿನಲ್ಲಿ ಪುಸ್ತಕ ಓದಿದರೆ ಹೊಟ್ಟೆ ತೊಳಸುವುದೂ ಇದೇ ಜಗಳದಿಂದ, ಅಲ್ಲಿ ಕಣ್ಣು ಕಿವಿಗಳ ಮಾತು ಅದಲು ಬದಲು. ವೈವ್‌ಕ್ರಾಫ್ಟ್ ಕಟ್ಟಿದವರು ಇದಕ್ಕೆ ಮದ್ದನ್ನೂ ಇಟ್ಟಿದ್ದಾರೆ. ಕೈಯಿಂದ ಕಮಾನಿನಂಥ ಗೆರೆ ಚಾಚಿ, ಅದು ಬಿದ್ದ ಕಡೆಗೆ ನೇರ ಜಿಗಿಯಬಹುದು. ತಿರುಗುವುದನ್ನು ನಿಗದಿತ ಕೋನಗಳ ತುಂಡುಗಳಾಗಿ ಮಾಡಿಕೊಳ್ಳಬಹುದು. ಕುರ್ಚಿಯಲ್ಲಿ ಕೂತೇ ಆಡುವ ವ್ಯವಸ್ಥೆಯೂ ಇದೆ. ನಾನು ಜಿಗಿತವನ್ನೇ ಆರಿಸಿಕೊಂಡೆ. ಲೋಕದ ಅಳತೆಯನ್ನೇ ಹಿಗ್ಗಿಸಿ ಕುಗ್ಗಿಸುವ ಸೌಲಭ್ಯ ಒಂದಿದೆ. ಅದನ್ನು ತಿರುವಿದಾಗ ಸೊಂಟಮಟ್ಟದ ಮಣ್ಣಿನ ತುಂಡು ಮನೆಯಷ್ಟಾಯಿತು, ಹುಲ್ಲಿನೆಸಳು ತೆಂಗಿನ ಗರಿಯಷ್ಟಾಯಿತು. ಕೋಳಿಯೊಂದು ಮೇಲಿನಿಂದ ಬಗ್ಗಿ ನೋಡಿತು. ಸಾಕು ಎಂದು ಮತ್ತೆ ಮೊದಲಿನ ಅಳತೆಗೆ ತಂದೆ.

ಹೊರಡುವ ಮನಸ್ಸಿರುವವರಿಗೆ ಕೆಲವು ಮಾತು. ಮೊದಲ ಸಲ ಕಾಲು ಗಂಟೆ ಸಾಕು. ತಲೆ ಸುತ್ತುವ ಮುನ್ಸೂಚನೆ ಬಂದ ಕೂಡಲೇ ಕನ್ನಡಕ ತೆಗೆದಿಡಿ, ತಡೆದುಕೊಂಡು ಮುಂದುವರಿಯಬೇಡಿ. ಹೊಟ್ಟೆ ಬಿರಿಯ ಉಂಡು ಹೋಗಬೇಡಿ. ಮೇಲೆ ತೂಗುವ ದೀಪ, ಪಕ್ಕದ ಗಾಜು ಇರುವ ಕಡೆ ಗುದ್ದಲಿ ಬೀಸಬೇಡಿ. ಹತ್ತು ವರ್ಷದೊಳಗಿನ ಮಕ್ಕಳಿಗೆ ಕ್ವೆಸ್ಟ್ ಕನ್ನಡಕ ಬೇಡ ಎಂದು ತಯಾರಕರೇ ಹೇಳಿದ್ದಾರೆ. ಹಳೆಯ ಲೋಕದ ಬ್ಯಾಕಪ್ ಇಟ್ಟುಕೊಂಡೇ ಮಾಡ್ ಹಾಕಿ.

ಇನ್ನೊಂದು ಮಾತು ಕಂಪ್ಯೂಟರ್ ಬಲ್ಲ ಹುಡುಗ ಹುಡುಗಿಯರಿಗೆ. ಆ ನಾಡಿನ ದಾರಿ ಹಾಕಿದವರೂ ಸಂಬಳಕ್ಕೆ ಬಂದವರಲ್ಲ, ಅದರ ಹೊಸ್ತಿಲಲ್ಲಿ ಕನ್ನಡ ಬರೆದವರೂ ಸಂಬಳಕ್ಕೆ ಬಂದವರಲ್ಲ. ದೊಡ್ಡ ಕಂಪನಿ ಬಾಗಿಲು ಹಾಕಿಕೊಂಡ ಮೇಲೂ ಅವರ ದಾರಿ ತೆರೆದಿದೆ. ವೈವ್‌ಕ್ರಾಫ್ಟಿನ ಕೋಡ್ ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಮೈನ್‌ಕ್ರಾಫ್ಟಿನ ಕನ್ನಡ ಅನುವಾದಕ್ಕೆ ಯಾರು ಬೇಕಾದರೂ ಕೈ ಜೋಡಿಸಬಹುದು. ಆಡಿ ಬಂದ ಮೇಲೆ ಅದರಲ್ಲಿ ಒಂದಕ್ಕಾದರೂ ಒಂದು ಸಂಜೆ ಕೊಡಿ.