ಸಿಂಗಪುರದ ಹವಳ, ಮುಂಬಯಿಯ ಹವಳ

ಸಿಂಗಪುರಕ್ಕೆ ಹೋಗಿಬಂದವರು ಮರೀನಾ ಬೇಯ ಫೋಟೋ ತೋರಿಸುತ್ತಾರೆ, ಮುಸ್ತಫಾ ಅಂಗಡಿಯ ಕತೆ ಹೇಳುತ್ತಾರೆ. ನಾನೂ ಅವನ್ನೆಲ್ಲ ನೋಡಿದೆ. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಕ್ಲೆಮೆಂಟಿ ಎಂಬ ಬಡಾವಣೆಯ ಹನ್ನೊಂದನೆಯ ಮಹಡಿಯಲ್ಲಿ, ಮಗಳ ಮನೆಯ ಮೂಲೆಯಲ್ಲಿದ್ದ ಎರಡಡಿ ಉದ್ದದ ಗಾಜಿನ ತೊಟ್ಟಿ. ಅದರಲ್ಲಿ ನಾನೊಂದು ತಪ್ಪು ಮಾಡಿಬಂದೆ. ಊರು ಬಿಟ್ಟವರ ಮಕ್ಕಳಾದ ನಿಮಗೆ ಅದನ್ನು ಹೇಳಬೇಕೆನ್ನಿಸಿ ಈ ಬರಹ.

ನನ್ನ ಮಗಳೂ ನಿಮ್ಮ ಹಾಗೆಯೇ. ಡೊಂಬಿವಿಲಿಯಲ್ಲಿ ಹುಟ್ಟಿದವಳು. ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಓದುವಾಗ ಮಾತ್ರ ಒತ್ತಕ್ಷರ ಬಂದರೆ ಎಡವುತ್ತಾಳೆ. ಕೆಲಸದ ಮೇಲೆ ಸಿಂಗಪುರಕ್ಕೆ ಹೋಗಿ ಎರಡು ವರ್ಷವಾಗಿತ್ತು. ಅವಳ ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿ ಇರಲಿಲ್ಲ, ಆದರೆ ನೀರಿನ ಉಪ್ಪು ಅಳೆಯುವ ಸಾಧನ ಇತ್ತು! ಒಂದು ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, 25-26 ಡಿಗ್ರಿ ಉಷ್ಣತೆ. ಸಾರಿನ ಉಪ್ಪು ಹೆಚ್ಚುಕಡಿಮೆಯಾದರೆ ನಡೆಯುತ್ತದೆ, ಅಕ್ವೇರಿಯಂನ ಉಪ್ಪು ಹಾಗಲ್ಲ ಎನ್ನುತ್ತಿದ್ದಳು.

ಒಂದು ಶನಿವಾರ ಅಂಗಡಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಹೊಸ ಹವಳ ತಂದಳು. ಸುತ್ತಿಗೆಯಾಕಾರದ ತುದಿಗಳಿರುವುದರಿಂದ ಅದಕ್ಕೆ ಹ್ಯಾಮರ್ ಕೋರಲ್ ಎಂದು ಹೆಸರು. ಮೂರು ಕವಲು, ಒಂದೊಂದು ಕವಲಿಗೆ ಒಂದೊಂದು ತಲೆ. ನಾನು ಹವಳವೆಂದರೆ ತಾಳಿಯ ಮಣಿ ಎಂದಷ್ಟೇ ತಿಳಿದವಳು. ಹವಳವೆಂಬುದು ಕಲ್ಲೂ ಅಲ್ಲ, ಗಿಡವೂ ಅಲ್ಲ, ಪ್ರಾಣಿ ಎಂದು ಮಗಳು ಹೇಳಿದಳು. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಗಳು ವಾಸವಾಗಿವೆ. ಅವು ಬೆಳಕಿನಿಂದ ಆಹಾರ ತಯಾರಿಸಿ ಹವಳಕ್ಕೂ ಕೊಡುತ್ತವೆ. ಬಣ್ಣವೂ ಬಹುಮಟ್ಟಿಗೆ ಅವುಗಳದ್ದೇ.

ತಂದ ಹವಳವನ್ನು ನೇರವಾಗಿ ತೊಟ್ಟಿಗೆ ಹಾಕುವಂತಿಲ್ಲ. ಮೊದಲು ಚೀಲವನ್ನು ಬಿಚ್ಚದೆ ಕಾಲು ಗಂಟೆ ತೊಟ್ಟಿಯ ನೀರಿನ ಮೇಲೆ ತೇಲಬಿಟ್ಟಳು, ಎರಡೂ ಕಡೆಯ ಉಷ್ಣತೆ ಸಮವಾಗಲೆಂದು. ಆಮೇಲೆ ಹವಳವನ್ನು ಅದರ ನೀರಿನೊಡನೆ ಸಣ್ಣ ಬಕೆಟ್ಟಿಗೆ ಹಾಕಿ, ತೊಟ್ಟಿಯಿಂದ ಸಪೂರ ಕೊಳವೆ ಇಳಿಬಿಟ್ಟು, ಅದಕ್ಕೊಂದು ಗಂಟು ಕಟ್ಟಿದಳು. ದೇವಸ್ಥಾನದ ಅಭಿಷೇಕಪಾತ್ರೆಯಿಂದ ಬಿದ್ದಂತೆ ಹನಿ ಹನಿಯಾಗಿ ನೀರು ಬೀಳತೊಡಗಿತು. ಮುಕ್ಕಾಲು ಗಂಟೆಯಲ್ಲಿ ಬಕೆಟ್ಟಿನ ನೀರು ಎರಡರಷ್ಟಾಯಿತು. ಬಳಿಕ ಹುಳುಹುಪ್ಪಟೆ ಬಿಡಿಸಲು ಔಷಧದ ನೀರಿನಲ್ಲಿ ಅದ್ದಿ ತೆಗೆದು, ತೊಟ್ಟಿಯ ತಳದ ಮರಳಿನ ಮೇಲೆ, ಬೆಳಕು ಕಡಿಮೆಯಿದ್ದ ಮೂಲೆಯಲ್ಲಿ ಇಟ್ಟಳು. ಅಂಗಡಿಯ ನೀರನ್ನು ಚೆಲ್ಲಿದಳು. ಆ ಸಂಜೆ ದೀಪ ಹಾಕಲಿಲ್ಲ. "ಇನ್ನು ಎರಡು ಮೂರು ವಾರದಲ್ಲಿ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಏರಿಸ್ತೀನಮ್ಮಾ," ಎಂದಳು.

ಸೋಮವಾರ ಅವಳು ಆಫೀಸಿಗೆ ಹೋದಳು. ಮನೆಯಲ್ಲಿ ನಾನು, ಆ ತೊಟ್ಟಿ. ಹೊಸ ಹವಳ ಕತ್ತಲ ಮೂಲೆಯಲ್ಲಿ ಮುದುಡಿ ಕುಳಿತಿತ್ತು. ಪಾಪ ಅನ್ನಿಸಿತು. ಬೆಳಕೇ ಅದರ ಊಟವೆಂದು ಮಗಳೇ ಹೇಳಿದ್ದಳಲ್ಲ? ಕೈ ತೊಳೆದುಕೊಂಡು, ಅದನ್ನೆತ್ತಿ ಎಲ್ಲಕ್ಕಿಂತ ಮೇಲಿನ ಕಲ್ಲಿನ ಮೇಲೆ, ದೀಪದ ನೇರ ಕೆಳಗೆ ಕೂರಿಸಿದೆ. ದೀಪವನ್ನೂ ಪೂರ್ತಿ ಏರಿಸಿದೆ. ಮಗಳಿಗೆ ಎರಡು ದಿನ ರಾತ್ರಿಯವರೆಗೆ ಕೆಲಸವಿತ್ತು, ಅವಳು ಗಮನಿಸಲಿಲ್ಲ. ಬುಧವಾರ ನೋಡುವಾಗ ಹವಳ ಇನ್ನೂ ಕುಗ್ಗಿ, ಬಣ್ಣ ಕಳೆದುಕೊಂಡು ಬೆಳ್ಳಗಾಗುತ್ತಿತ್ತು. ಬೆಳಕಿನ ಹೊಡೆತ ತಡೆಯಲಾರದೆ ತನ್ನೊಳಗಿನ ಪಾಚಿಯನ್ನು ಹೊರಹಾಕಿತ್ತು. ಬೆಳಕು ಊಟವೇ ಹೌದು, ಆದರೆ ಉಪವಾಸವಿದ್ದವರಿಗೆ ಒಮ್ಮೆಗೇ ಹಬ್ಬದೂಟ ಬಡಿಸಿದರೆ ಏನಾಗುತ್ತದೆ?

ನಾನು ತಪ್ಪೊಪ್ಪಿಕೊಂಡೆ. ಮಗಳು ರೇಗಲಿಲ್ಲ. ಹವಳವನ್ನು ಮತ್ತೆ ನೆರಳಿಗೆ ಇಳಿಸಿದಳು. ಆಮೇಲೆ ತೊಟ್ಟಿಯನ್ನೇ ನೋಡುತ್ತಾ ಹೇಳಿದಳು: "ಅಮ್ಮಾ, ಇಲ್ಲಿಗೆ ಬಂದ ಮೊದಲ ಆರು ತಿಂಗಳು ನಾನು ಯಾರ ಜೊತೆಗೂ ಊಟಕ್ಕೆ ಹೋಗ್ತಿರಲಿಲ್ಲ. ನೀನು ದಿನಾ ಫೋನಿನಲ್ಲಿ ಗೆಳತಿಯರಾದರಾ, ಗೆಳತಿಯರಾದರಾ ಅಂತ ಕೇಳ್ತಿದ್ದೆ. ಆಗಿದ್ದಾರೆ ಅಂತ ಸುಳ್ಳು ಹೇಳ್ತಿದ್ದೆ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. 1993ರಲ್ಲಿ ಧಾರವಾಡದಿಂದ ಮದುವೆಯಾಗಿ ಬಂದಾಗ ನನಗೆ ಲೋಕಲ್ ಟ್ರೇನು ಹತ್ತಲೂ ಭಯ. ಇಂಗ್ಲಿಷಿನಲ್ಲಿ ಬಿ.ಎ. ಮಾಡಿದ್ದರೂ ತರಕಾರಿಯವಳ ಮರಾಠಿಯೆದುರು ಬಾಯಿ ಕಟ್ಟುತ್ತಿತ್ತು. ನೆರೆಯವರು ಕೇಳಿದರೆ ನಮ್ಮತ್ತೆ ಹೇಳುತ್ತಿದ್ದದ್ದು ಒಂದೇ ಮಾತು: "ಅವಸರ ಮಾಡಬ್ಯಾಡ್ರಿ, ತಾನಽ ಹೊಂದಿಕೊಳ್ತಾಳ." ಅತ್ತೆ ನನಗೆ ಕೊಟ್ಟ ಆ ನೆರಳನ್ನು ನಾನು ಮಗಳಿಗೆ ಕೊಟ್ಟಿರಲಿಲ್ಲ.

ಮುಂಬಯಿಗೆ ಮರಳಿದ ಮೇಲೆ ಹವಳದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಆಗ ತಿಳಿಯಿತು, ನಮ್ಮ ಹಾಜಿ ಅಲಿ ಮತ್ತು ವರ್ಳಿಯ ಬಂಡೆಗಳಲ್ಲೂ ಹವಳವಿದೆ! ಕರಾವಳಿ ರಸ್ತೆ ಕಟ್ಟುವಾಗ, 2020ರಲ್ಲಿ, ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಮಾರ್ಗದರ್ಶನದಲ್ಲಿ ಅಲ್ಲಿಂದ 18 ಹವಳದ ಗುಂಪುಗಳನ್ನು ಬೇರೆಡೆಗೆ ಸ್ಥಳಾಂತರಿಸಿದರು. ದೊಡ್ಡ ಇಳಿತವಿದ್ದ ಒಂದು ಬೆಳಿಗ್ಗೆ ತಿಳಿದವರೊಬ್ಬರ ಜೊತೆ ಹಾಜಿ ಅಲಿ ಕಡೆಯ ಬಂಡೆಗಳಿಗೆ ಇಳಿದೆ. ಪಾಚಿಯ ಜಾರು, ಪ್ಲಾಸ್ಟಿಕ್ ಕಸ, ಹಿಂದೆ ವಾಹನಗಳ ಸದ್ದು. ಅವರು ಬೆರಳು ತೋರಿಸಿದ ಕಡೆ ಅಂಗೈಯಗಲದ ಕಂದು ತೇಪೆ. ಮೂವತ್ತು ವರ್ಷ ಅದೇ ದಾರಿಯಲ್ಲಿ ಬಸ್ಸಿನಲ್ಲಿ ಓಡಾಡಿದ್ದೆ. ಅಷ್ಟು ಕೊಳೆಯ ನಡುವೆ ಅದು ಬದುಕಿತ್ತು.

ನಿಮ್ಮಲ್ಲಿ ಯಾರಿಗಾದರೂ ಮನೆಯಲ್ಲಿ ಹವಳ ಸಾಕುವ ಆಸೆ ಬಂದರೆ ಒಂದು ಮಾತು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪರಿಶಿಷ್ಟದಲ್ಲಿ, ಹುಲಿಯ ಜೊತೆಗೇ, ಗಟ್ಟಿ ಹವಳಗಳೂ ಇವೆ. ಸತ್ತ ತುಂಡನ್ನೂ ದಡದಿಂದ ಹೆಕ್ಕಿ ತರಬೇಡಿ. ಇಳಿತದ ಹೊತ್ತು ನೋಡಿಕೊಂಡು ಹೋಗಿ, ಮುಟ್ಟದೆ ನೋಡಿ ಬನ್ನಿ. ಊರಿಗೆ ಹೋದಾಗ ಮುರ್ಡೇಶ್ವರದಾಚೆ ಕಡಲಲ್ಲಿರುವ ನೇತ್ರಾಣಿ ದ್ವೀಪಕ್ಕೂ ಹೋಗಿ. ಅಲ್ಲಿಯೂ ಹವಳವಿದೆ.

ಕ್ಲೆಮೆಂಟಿಯ ಹವಳ ಏನಾಯಿತೆಂದು ಕೇಳುತ್ತೀರಿ. ಮೂರು ತಿಂಗಳ ಮೇಲೆ ಮಗಳು ವಿಡಿಯೋ ಕಾಲಿನಲ್ಲಿ ತೋರಿಸಿದಳು. ಎರಡು ತಲೆಗಳಿಗೆ ಬಣ್ಣ ಮರಳಿತ್ತು. ಮೂರನೆಯದು ಬರಿಯ ಬಿಳಿ ಕಲ್ಲಾಗಿ ಉಳಿದಿದೆ. ಅದನ್ನವಳು ತೆಗೆದುಹಾಕಿಲ್ಲ, ನಾನೂ ಕೇಳಿಲ್ಲ.

ಈಗ ಫೋನಿನಲ್ಲಿ ಗೆಳತಿಯರ ವಿಚಾರ ಎತ್ತುವುದಿಲ್ಲ. "ಇವತ್ತೇನು ಅಡುಗೆ?" ಎಂದಷ್ಟೇ ಕೇಳುತ್ತೇನೆ. ಉಳಿದದ್ದನ್ನು ಅವಳೇ ಹೇಳುತ್ತಾಳೆ, ನಿಧಾನವಾಗಿ.