ಇಪ್ಪತ್ತಾರೋ, ಇಪ್ಪತ್ತೊಂಬತ್ತೋ?

ಮಕ್ಕಳೇ, ನಿಮ್ಮ ಮನೆಯಲ್ಲಿ ಸೈಕಲ್ ಇದ್ದರೆ ಒಮ್ಮೆ ಅದರ ಟೈರಿನ ಪಕ್ಕ ಬಗ್ಗಿ ನೋಡಿ. ರಬ್ಬರಿನ ಮೇಲೆ ಉಬ್ಬಿದ ಅಕ್ಷರಗಳಲ್ಲಿ ಒಂದಿಷ್ಟು ಅಂಕಿಗಳು ಇರುತ್ತವೆ. ಒಂದು ದೊಡ್ಡದಾಗಿ ಕಾಣುತ್ತದೆ: 20, 24, 26, 27.5, 29 ಹೀಗೆ. ಅದು ಇಂಚಿನ ಲೆಕ್ಕ. ಇನ್ನೊಂದು, ಸಾಲಪತ್ರದ ಷರತ್ತುಗಳ ಹಾಗೆ, ಸಣ್ಣ ಅಕ್ಷರದಲ್ಲಿ ಅಡಗಿ ಕೂತಿರುತ್ತದೆ: 54-559 ಎಂದೋ, 54-584 ಎಂದೋ. ಅದು ಮಿಲಿಮೀಟರಿನ ಲೆಕ್ಕ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಡ್ಜರ್ ಬರೆದು ನಿವೃತ್ತನಾದ ನನಗೆ ಸಣ್ಣ ಅಕ್ಷರವನ್ನು ಮೊದಲು ಓದುವ ಅಭ್ಯಾಸ. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಮೌಂಟನ್ ಬೈಕ್ ಕೊಳ್ಳಲು ಹೊರಟಾಗ ಆ ಅಭ್ಯಾಸ ಉಪಯೋಗಕ್ಕೆ ಬಂತು.

ಈ ವಯಸ್ಸಿನಲ್ಲಿ ಮೌಂಟನ್ ಬೈಕ್ ಯಾಕೆ ಎಂದು ನೀವು ಕೇಳಬಹುದು. ನಮ್ಮ ಮನೆಯಲ್ಲೂ ಎಲ್ಲರೂ ಅದನ್ನೇ ಕೇಳಿದರು.

ನಮ್ಮ ಮನೆ ಇರುವುದು ಚಿಕ್ಕಮಗಳೂರಿನ ಅಂಚಿನಲ್ಲಿ. ಅಲ್ಲಿಂದ ಆರು ಕಿಲೋಮೀಟರ್ ದೂರದ ತೋಟದ ಮನೆಯಲ್ಲಿ ನನ್ನ ಅಕ್ಕ ಇದ್ದಾಳೆ. ಎಂಬತ್ತೊಂದು ವರ್ಷ. ಭಾವ ಹೋದ ಮೇಲೂ ಅವಳು ಆ ಮನೆ ಬಿಟ್ಟು ಬರಲಿಲ್ಲ. ಮೊದಲ ನಾಲ್ಕು ಕಿಲೋಮೀಟರ್ ಡಾಂಬರು ರಸ್ತೆ. ಉಳಿದ ಎರಡು ಜಲ್ಲಿ, ಮಣ್ಣು, ಮಳೆಗಾಲ ಬಂದರೆ ಕೊರಕಲು. ನಿವೃತ್ತನಾದಂದಿನಿಂದ ವಾರಕ್ಕೆ ಎರಡು ದಿನ ನಾನು ನನ್ನ ಹಳೆಯ ಸೈಕಲ್ಲಿನಲ್ಲಿ ಅಲ್ಲಿಗೆ ಹೋಗಿಬರುತ್ತಿದ್ದೆ. ಮಣ್ಣುದಾರಿ ಬಂದಲ್ಲಿ ಇಳಿದು ತಳ್ಳುತ್ತಿದ್ದೆ. ಆ ಸೈಕಲ್ 1976ರಲ್ಲಿ, ಕೆಲಸಕ್ಕೆ ಸೇರಿದ ವರ್ಷ, ಹಬ್ಬದ ಮುಂಗಡದಲ್ಲಿ ಕೊಂಡದ್ದು. ಕಪ್ಪು ಬಣ್ಣ, ಎತ್ತರದ ಬಾರು, 28 ಇಂಚಿನ ಚಕ್ರ, ಹಿಂದೆ ಗಟ್ಟಿ ಕ್ಯಾರಿಯರ್.

ಕಳೆದ ವರ್ಷ ಬಲಮೊಣಕಾಲು ಕೈಕೊಟ್ಟಿತು. ಔಷಧಿ, ವ್ಯಾಯಾಮದಿಂದ ನೋವು ಹತೋಟಿಗೆ ಬಂತು. ಆದರೆ ಕಾಲನ್ನು ಎತ್ತಿ ಆ ಬಾರಿನ ಆಚೆ ಹಾಕುವುದು ಇನ್ನು ಸಾಧ್ಯವಿಲ್ಲ ಎಂದು ಗೊತ್ತಾಯಿತು. ಅಂದಿನಿಂದ ಮಗ ಭಾನುವಾರ ಕಾರಿನಲ್ಲಿ ಕರೆದೊಯ್ಯತೊಡಗಿದ. ಒಳ್ಳೆಯ ಹುಡುಗ, ಎಂದೂ ಬೇಸರ ತೋರಿಸಿದವನಲ್ಲ. ಆದರೆ ಕಾರಿನಲ್ಲಿ ಬಂದವರು ಕೀ ಕೈಯಲ್ಲಿ ಹಿಡಿದುಕೊಂಡೇ ಕಾಫಿ ಕುಡಿಯುತ್ತಾರೆ. ಅಕ್ಕನಿಗೆ ಮಾತು ಶುರುವಾಗುವುದೇ ಎರಡನೆಯ ಲೋಟದ ಹೊತ್ತಿಗೆ. ನಾನು ಸುಮ್ಮನೆ ಅವಳ ಜಗಲಿಯಲ್ಲಿ ಮಧ್ಯಾಹ್ನದವರೆಗೆ ಕೂತು, ಅಮ್ಮ ಹೇಳುತ್ತಿದ್ದ ಒಂದು ಮಾತು ಇಬ್ಬರಿಗೂ ನೆನಪಾಗುವವರೆಗೆ ಕಾಯಬೇಕು. ಅದು ಇನ್ನೊಬ್ಬರ ಗಡಿಯಾರದಲ್ಲಿ ಆಗುವ ಕೆಲಸವಲ್ಲ.

ಡಾಕ್ಟರನ್ನು ಕೇಳಿದೆ. ಹಗುರವಾದ ಗೇರಿನಲ್ಲಿ ಸೈಕಲ್ ತುಳಿಯುವುದು ನನ್ನ ಮೊಣಕಾಲಿಗೆ ಒಳ್ಳೆಯದೇ, ಬೀಳಬಾರದು ಅಷ್ಟೆ ಎಂದರು. ಮಗ ಆ ಕೊನೆಯ ಮಾತನ್ನು ಹಿಡಿದುಕೊಂಡ.

“ಬಿದ್ದರೆ ಏನು ಮಾಡ್ತೀರಪ್ಪಾ? ಈ ವಯಸ್ಸಲ್ಲಿ ಸೊಂಟ ಮುರಿದರೆ?”

ಅವನ ಭಯ ಸುಳ್ಳಲ್ಲ. ಹಾಗಾಗಿ ಸೈಕಲ್ ಆರಿಸುವ ಮುಂಚೆಯೇ ಒಂದು ಷರತ್ತು ಬರೆದಿಟ್ಟುಕೊಂಡೆ: ಯಾವ ಕ್ಷಣದಲ್ಲಿ ಹೆದರಿಕೆಯಾದರೂ ಎರಡೂ ಪಾದ ನೆಲಕ್ಕೆ ಊರುವಂತಿರಬೇಕು.

ಎಂಟನೆಯ ತರಗತಿಯ ಮೊಮ್ಮಗಳನ್ನು ಕರೆದುಕೊಂಡು ಅಂಗಡಿಗೆ ಹೋದೆ. ನಾನು ಅಂದುಕೊಂಡದ್ದು ಬಣ್ಣ ಆರಿಸಿದರೆ ಮುಗಿಯಿತು ಎಂದು. ಅಂಗಡಿಯ ಹುಡುಗ ಮೊದಲ ಪ್ರಶ್ನೆಯನ್ನೇ ಬೇರೆ ಹಾಕಿದ.

“ಯಾವ ವೀಲ್ ಸೈಜು ಸಾರ್? ಟ್ವೆಂಟಿಸಿಕ್ಸಾ, ಟ್ವೆಂಟಿಸೆವೆನ್ ಪಾಯಿಂಟ್ ಫೈವಾ, ಟ್ವೆಂಟಿನೈನಾ? ಈಗೆಲ್ಲ ಟ್ವೆಂಟಿನೈನೇ ಹೋಗೋದು.”

“ನಾಳೆ ಬರ್ತೀವಿ” ಎಂದು ಮನೆಗೆ ಬಂದೆವು. ಮೊಮ್ಮಗಳು ಮೊಬೈಲಿನಲ್ಲಿ ಓದಿ ಹೇಳುತ್ತಾ ಹೋದಳು, ನಾನು ಹಳೆಯ ಡೈರಿಯಲ್ಲಿ ಬರೆದುಕೊಳ್ಳುತ್ತಾ ಹೋದೆ.

ಮೊದಲು ಇತಿಹಾಸ. ನಾನು ನನ್ನ ಕಪ್ಪು ಸೈಕಲ್ ಕೊಂಡ 1976ರಲ್ಲೇ, ಅಕ್ಟೋಬರ್ ತಿಂಗಳಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಎಂಬ ಸೀಮೆಯಲ್ಲಿ ಕೆಲವು ಯುವಕರು ಬೆಟ್ಟದ ಮಣ್ಣುದಾರಿಯಲ್ಲಿ ಸೈಕಲ್ ಇಳಿಸುವ ಪಂದ್ಯ ನಡೆಸಿದರಂತೆ. ಅಲ್ಲಿನ ಮೌಂಟ್ ಟ್ಯಾಮಲ್‌ಪಾಯಸ್ ಸುತ್ತಮುತ್ತ ಅವರು ಓಡಿಸುತ್ತಿದ್ದದ್ದು ದಶಕಗಳಷ್ಟು ಹಳೆಯ, ದಪ್ಪ ಟೈರಿನ ಸೈಕಲ್ಲುಗಳು. ಪಂದ್ಯದ ಹೆಸರು ‘ರೀಪ್ಯಾಕ್’. ಇಳಿಜಾರಿನಲ್ಲಿ ಬ್ರೇಕ್ ಹಿಡಿದು ಹಿಡಿದು ಹಿಂದಿನ ಹಬ್ಬಿನ ಗ್ರೀಸ್ ಸುಟ್ಟು ಹೊಗೆಯಾಗುತ್ತಿತ್ತು. ಕೆಳಗಿಳಿದ ಮೇಲೆ ಮತ್ತೆ ಗ್ರೀಸ್ ತುಂಬಬೇಕು. ಅದಕ್ಕೇ ಆ ಹೆಸರು. ಮರುವರ್ಷ, 1977ರಲ್ಲಿ, ಅವರಲ್ಲೊಬ್ಬನಾದ ಜೋ ಬ್ರೀಜ್ ಇಂಥ ದಾರಿಗೆಂದೇ ಹೊಸ ಸೈಕಲ್ ಕಟ್ಟಿದ.

ಆ ಹಳೆಯ ಸೈಕಲ್ಲುಗಳ ಚಕ್ರ 26 ಇಂಚಿನದು. ದಪ್ಪ ಟೈರು ಸಿಗುತ್ತಿದ್ದದ್ದು ಆ ಅಳತೆಯಲ್ಲಿ. ಹೀಗಾಗಿ 26 ಎನ್ನುವುದು ನಿಯಮದಂತಾಯಿತು. 29 ಇಂಚಿನ ಮೌಂಟನ್ ಬೈಕುಗಳು ಅಂಗಡಿಗೆ ಬಂದದ್ದು 2000ದ ನಂತರ. ಅದಾಗಿ ಸುಮಾರು ಹತ್ತು ವರ್ಷಕ್ಕೆ 27.5 ಜೋರಾಯಿತು.

2012ರ ಲಂಡನ್ ಒಲಿಂಪಿಕ್ಸಿನಲ್ಲಿ ಝೆಕ್ ದೇಶದ ಯಾರೊಸ್ಲಾವ್ ಕುಲ್ಹಾವಿ 29ರ ಚಕ್ರದಲ್ಲಿ ಚಿನ್ನ ಗೆದ್ದ. ಒಂದು ಸೆಕೆಂಡ್ ಹಿಂದೆ ಬಿದ್ದು ಬೆಳ್ಳಿ ಪಡೆದ ಸ್ವಿಟ್ಜರ್ಲೆಂಡಿನ ನಿನೊ ಶುರ್ಟರನದು 27.5. ನಾಲ್ಕು ವರ್ಷ ಕಳೆದು ರಿಯೊದಲ್ಲಿ ಶುರ್ಟರ್ ಚಿನ್ನ ಗೆದ್ದಾಗ ಅವನೂ 29ರ ಮೇಲಿದ್ದ.

“ನೋಡಿದ್ಯಾ ಅಜ್ಜಾ, ಟ್ವೆಂಟಿನೈನೇ ತಗೋ” ಎಂದಳು ಮೊಮ್ಮಗಳು.

“ಅವರಿಬ್ಬರ ಮೊಣಕಾಲು ಹೇಗಿತ್ತು ಅಂತ ಬರೆದಿದೆಯಾ ಪುಟ್ಟೀ?” ಎಂದೆ.

ಈಗ ಲೆಕ್ಕ. ಸಣ್ಣ ಅಕ್ಷರದ 54-559 ಎಂದರೆ ಟೈರಿನ ದಪ್ಪ 54 ಮಿಲಿಮೀಟರ್, ಟೈರು ಕೂರುವ ರಿಮ್ಮಿನ ಅಡ್ಡಳತೆ 559. ಇದು ಮೌಂಟನ್ ಬೈಕಿನ 26. ಅದೇ 27.5ಕ್ಕೆ 584, 29ಕ್ಕೆ 622. ರಿಮ್ಮಿನ ಎರಡೂ ಬದಿಗೆ ಟೈರಿನ ದಪ್ಪ ಕೂಡಿ ಇಂಚಿಗೆ ತಿರುಗಿಸಿದರೆ, ಚಕ್ರದ ನಿಜವಾದ ಎತ್ತರ ಸುಮಾರು 26 ಕಾಲು, 27 ಕಾಲು, 28 ಮುಕ್ಕಾಲು ಇಂಚು. ಹೆಸರಿನಲ್ಲಿ ಸರಿಯಾಗಿ ನಡುವೆ ಇರುವ 27.5, ಅಳತೆಯಲ್ಲಿ 26ರ ಕಡೆಗೇ ವಾಲಿದೆ!

ಇನ್ನೊಂದು ತಮಾಷೆ. ನನ್ನ ಹಳೆಯ ಸೈಕಲ್ಲಿನ ರಿಮ್ಮು 635. ಹೊಸ ಕಾಲದ ದೊಡ್ಡ ಚಕ್ರ ಎನ್ನುವ 29ರ ರಿಮ್ಮಿಗಿಂತ ಹದಿಮೂರು ಮಿಲಿಮೀಟರ್ ದೊಡ್ಡದು. ನಮ್ಮೂರಿನ ಹಾಲಿನವರು, ಅಂಚೆಯವರು ಯಾವತ್ತೋ ತುಳಿದು ಬಿಟ್ಟ ಚಕ್ರವನ್ನೇ ಈಗ ದಪ್ಪ ಟೈರು ಹಾಕಿ ಹೊಸದು ಅನ್ನುತ್ತಿದ್ದಾರಲ್ಲ ಎಂದು ನನಗೆ ಒಳಗೊಳಗೇ ಖುಷಿಯಾಯಿತು.

ದೊಡ್ಡ ಚಕ್ರದಿಂದ ಲಾಭ ಇಲ್ಲದಿಲ್ಲ. ಅದನ್ನು ನೀವೇ ಪರೀಕ್ಷಿಸಬಹುದು. ಮೇಜಿನ ಮೇಲೆ ಒಂದು ಪೆನ್ಸಿಲನ್ನು ಅಡ್ಡ ಇಟ್ಟು ಟೇಪಿನಿಂದ ಅಂಟಿಸಿ. ಒಂದು ರೂಪಾಯಿಯ ನಾಣ್ಯವನ್ನು ಅದರ ಕಡೆಗೆ ನಿಧಾನವಾಗಿ ಉರುಳಿಸಿ. ತಡೆದು ಬೀಳುತ್ತದೆ. ಅಡುಗೆಮನೆಯ ದೊಡ್ಡ ಡಬ್ಬಿಯ ಮುಚ್ಚಳವನ್ನು ಉರುಳಿಸಿ. ಹತ್ತಿ ದಾಟುತ್ತದೆ. ಎತ್ತಿನ ಗಾಡಿಯ ಚಕ್ರವನ್ನು ನಮ್ಮ ಹಿರಿಯರು ಅಷ್ಟು ದೊಡ್ಡದಾಗಿ ಮಾಡಿದ್ದು ಸುಮ್ಮನೆ ಅಲ್ಲ. ಕಲ್ಲು, ಗುಂಡಿ ದಾಟುವಾಗ ದೊಡ್ಡ ಚಕ್ರಕ್ಕೆ ಕುಲುಕಾಟ ಕಡಿಮೆ.

ಖರ್ಚಿನ ಕಡೆಯನ್ನೂ ಬರೆಯಬೇಕಲ್ಲ. ಒಂದು ಸುತ್ತಿಗೆ 26ರ ಚಕ್ರ ಸುಮಾರು 2.10 ಮೀಟರ್ ಹೋದರೆ, 29ರದು 2.29 ಮೀಟರ್ ಹೋಗುತ್ತದೆ. ಒಂದು ಕಿಲೋಮೀಟರಿಗೆ 26 ಸುತ್ತುವುದು 477 ಸಲ, 27.5 ಸುತ್ತುವುದು 460 ಸಲ, 29 ಸುತ್ತುವುದು 436 ಸಲ. ಅದೇ ಗೇರಿನಲ್ಲಿ ಒಂದು ತುಳಿತಕ್ಕೆ 29 ನೂರಕ್ಕೆ ಒಂಬತ್ತರಷ್ಟು ಹೆಚ್ಚು ದೂರ ಹೋಗುತ್ತದೆ. ಒಂಬತ್ತು ಪರ್ಸೆಂಟ್ ಬಡ್ಡಿ ಎಂದರೆ ಯಾರಿಗೆ ಬೇಡ? ಆದರೆ ಏರಿನಲ್ಲಿ ಆ ಬಡ್ಡಿ ಕಟ್ಟಬೇಕಾದವರು ಯಾರು? ಮೊಣಕಾಲು. ಹಗುರವಾದ ಗೇರು ಇದ್ದರೆ ಸರಿದೂಗಿಸಬಹುದು, ನಿಜ. ಆದರೂ ದೊಡ್ಡ ಚಕ್ರಕ್ಕೆ ತೂಕ ಸ್ವಲ್ಪ ಹೆಚ್ಚು. ನಿಂತಲ್ಲಿಂದ ಹೊರಡಿಸಲು, ಚಿಕ್ಕ ತಿರುವಿನಲ್ಲಿ ತಿರುಗಿಸಲು ಚಿಕ್ಕ ಚಕ್ರವೇ ಚುರುಕು.

ಮರುದಿನ ಪಂಕ್ಚರ್ ಅಂಗಡಿಯವರನ್ನೂ ವಿಚಾರಿಸಿದೆ. ಕೊಂಡ ಮೇಲೆ ಕಾಪಾಡುವವರು ಅವರೇ ತಾನೆ.

“26ರ ಟೈರು ಎಲ್ಲಿ ಬೇಕಾದ್ರೂ ಸಿಗುತ್ತೆ ಸಾರ್. ಆದ್ರೆ ಲೇಡೀಸ್ ಸೈಕಲ್ಲಿನ 26 ಬೇರೆ, ಇದರ 26 ಬೇರೆ. ಅದು ಇದಕ್ಕೆ ಕೂರಲ್ಲ” ಎಂದರು. ಟೈರು ತಂದು ತೋರಿಸಿದರು. ಹೌದು, ಒಂದರಲ್ಲಿ 590, ಇನ್ನೊಂದರಲ್ಲಿ 559. ಎರಡಕ್ಕೂ ಹೆಸರು 26! ಟೈರು ತರಲು ಹೋಗುವಾಗ ಸಣ್ಣ ಅಕ್ಷರದ ಅಂಕಿಯನ್ನು ಬರೆದುಕೊಂಡು ಹೋಗಿ ಮಕ್ಕಳೇ, ಎರಡು ಸಲ ಓಡಾಡುವುದು ತಪ್ಪುತ್ತದೆ. “27.5, 29 ಕೂಡ ಈಗ ತರಿಸ್ತೀವಿ. ಒಂದು ಟ್ಯೂಬ್ ಮನೇಲಿ ಇಟ್ಕೊಂಡಿರಿ” ಎಂದೂ ಹೇಳಿದರು.

ಮತ್ತೆ ಅಂಗಡಿಗೆ ಹೋಗಿ, ಒಂದೊಂದೇ ಸೈಕಲ್ಲಿನ ಬಾರಿನ ಆಚೀಚೆ ಕಾಲಿಟ್ಟು ನಿಂತು ನೋಡಿದೆ. ನನ್ನ ಎತ್ತರ ಐದಡಿ ನಾಲ್ಕು ಇಂಚು. 29ರ ಮೇಲೆ ಕೂತರೆ ಲೋಕ ಚೆನ್ನಾಗಿ ಕಾಣುತ್ತಿತ್ತು. ಜಲ್ಲಿ ರಸ್ತೆ ನೆನೆದು ಮನಸ್ಸು ಅದರ ಕಡೆಗೇ ಎಳೆಯಿತು. ಆದರೆ ಅಲ್ಲಿದ್ದ ಸೈಕಲ್ಲಿನ ಮುಂಭಾಗ ನನಗೆ ಎತ್ತರ. ಹತ್ತುವಾಗ ಬಲಗಾಲು ಒಮ್ಮೆ ಬಾರಿಗೆ ತಾಗಿತು, ನಿಂತಾಗ ಹಿಮ್ಮಡಿ ನೆಲ ಬಿಟ್ಟಿತು. 26ರಲ್ಲಿ ಕಾಲು ಆರಾಮವಾಗಿ ಊರುತ್ತಿತ್ತು. ಆದರೆ ಅಲ್ಲಿದ್ದ 26ರಲ್ಲಿ ನನ್ನ ಮೊಣಕಾಲಿಗೆ ಬೇಕಾದಷ್ಟು ಹಗುರದ ಗೇರು ಇರಲಿಲ್ಲ. 27.5ರಲ್ಲಿ, ಚಿಕ್ಕ ಫ್ರೇಮಿನ, ಬಾರು ಹಿಂದಕ್ಕೆ ಇಳಿಜಾರಾಗಿರುವ ಒಂದು ಇತ್ತು. ಎರಡೂ ಪಾದ ಪೂರ್ತಿ ನೆಲದ ಮೇಲೆ, ಬಾರಿಗೂ ನನಗೂ ನಡುವೆ ಮೂರು ಇಂಚು ಜಾಗ. ಗೇರೂ ಹಗುರ.

“ಟ್ವೆಂಟಿನೈನ್ ಬೇಡ್ವಾ ಸಾರ್?”

“ಒಳ್ಳೆಯದೇ ಕಣಪ್ಪ. ನನಗೆ ನೆಲ ಸಿಗಬೇಕು” ಎಂದೆ.

ನನ್ನ ವಯಸ್ಸಿನ ಓದುಗರಿಗೆ ಒಂದು ಮಾತು. ಮೊಮ್ಮಕ್ಕಳಿಗೆ ಸೈಕಲ್ ಕೊಡಿಸುವಾಗ “ಬೆಳೆಯೋ ಮಕ್ಕಳು, ಎರಡು ವರ್ಷ ಬರಲಿ” ಎಂದು ಯೂನಿಫಾರಂ ಹೊಲಿಸಿದ ಹಾಗೆ ದೊಡ್ಡದು ತೆಗೆಯಬೇಡಿ. ಉದ್ದದ ಲಂಗದ ಅಂಚನ್ನು ಮಡಚಬಹುದು, ಸೈಕಲ್ಲನ್ನು ಮಡಚಲಾಗದು. ನಾವು ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ತುಳಿದು ಕಲಿತವರು, ಮಂಡಿಯ ಗಾಯವೇ ನಮ್ಮ ಸರ್ಟಿಫಿಕೇಟು. ಇಂದಿನ ರಸ್ತೆಯ ವಾಹನಗಳ ನಡುವೆ ಆ ಪಾಠ ಬೇಡ. ಮಗು ಬಾರಿನ ಆಚೀಚೆ ಕಾಲಿಟ್ಟು ನಿಂತಾಗ ಎರಡು ಮೂರು ಇಂಚು ಜಾಗ ಇರಲಿ. ಸೀಟಿನ ಮೇಲೆ ಕೂತು ಪೆಡಲು ತೀರಾ ಕೆಳಗೆ ಬಂದಾಗ ಮೊಣಕಾಲು ಸ್ವಲ್ಪವೇ ಮಡಚಿರಲಿ. ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಕಾಲ ಬೆರಳು ಮುಂದಿನ ಚಕ್ರಕ್ಕೆ ತಾಗದಿರಲಿ. ಇಷ್ಟು ಸರಿಯಿದ್ದ ಮೇಲೆ ಚಕ್ರದ ಅಂಕಿ ನೋಡಿ.

ಈಗ ಸೈಕಲ್ ಬಂದು ಐದು ತಿಂಗಳಾಯಿತು. ಮಗ ಹೆಲ್ಮೆಟ್ ಕೊಡಿಸಿದ. ಮಳೆ ಜೋರಿದ್ದ ದಿನ ಹೋಗಬಾರದು, ಅಕ್ಕನ ಮನೆ ಮುಟ್ಟಿದ ಕೂಡಲೇ ಫೋನ್ ಮಾಡಬೇಕು ಎಂದು ಕರಾರು ಹಾಕಿದ. ಒಪ್ಪಿ ನಡೆಯುತ್ತಿದ್ದೇನೆ. ಸಂಜೆ ಮೊಮ್ಮಗಳು ಸೀಟು ಇಳಿಸಿಕೊಂಡು ಅದನ್ನೇ ತುಳಿಯುತ್ತಾಳೆ. ಬೆಳಿಗ್ಗೆ ನಾನು ಸೀಟು ಏರಿಸುತ್ತೇನೆ. ಮಣ್ಣುದಾರಿಯ ಒಂದು ಏರಿನಲ್ಲಿ ಇವತ್ತಿಗೂ ಇಳಿದು ತಳ್ಳುತ್ತೇನೆ. ಅಲ್ಲೊಂದು ಬಸರಿ ಮರ ಇದೆ, ನೆರಳಲ್ಲಿ ಎರಡು ನಿಮಿಷ ನಿಂತು ನೀರು ಕುಡಿಯುತ್ತೇನೆ. ಅಲ್ಲಿಂದ ಅಕ್ಕನ ಮನೆಯ ಹೆಂಚು ಕಾಣುತ್ತದೆ.

ಮೊದಲ ದಿನ ಅಕ್ಕ ಜಗಲಿಯಿಂದ ಇಳಿದು ಬಂದು ಸೈಕಲ್ಲನ್ನು ಒಂದು ಸುತ್ತು ಹಾಕಿ ನೋಡಿದಳು. ದಪ್ಪ ಟೈರು ಒತ್ತಿದಳು. ಗೇರು, ಡಿಸ್ಕ್ ಬ್ರೇಕು ಎಲ್ಲ ವಿವರಿಸಿದೆ. ಅವಳು ಕೇಳಿದ್ದು ಒಂದೇ.

“ಅಲ್ವೋ, ಇಷ್ಟೆಲ್ಲ ದುಡ್ಡು ಕೊಟ್ಟು ಕ್ಯಾರಿಯರೇ ಇಲ್ಲದ ಸೈಕಲ್ ತಂದಿದ್ದೀಯಲ್ಲ, ಹಲಸಿನಹಣ್ಣು ಹೇಗೋ ಕಳಿಸ್ಲಿ?”

ಮೌಂಟನ್ ಬೈಕುಗಳಿಗೆ ಸಾಮಾನ್ಯವಾಗಿ ಕ್ಯಾರಿಯರೂ ಇರುವುದಿಲ್ಲ, ಮಡ್‌ಗಾರ್ಡೂ ಇರುವುದಿಲ್ಲ. ಅಂದು ನನ್ನ ಅಂಗಿಯ ಬೆನ್ನ ಮೇಲೆ ಉದ್ದಕ್ಕೂ ಕೆಸರಿನ ಗೆರೆ ಎದ್ದಿತ್ತು. ಅದೇ ವಾರ ಎರಡನ್ನೂ ಹಾಕಿಸಿದೆ, ಜೊತೆಗೆ ಒಂದು ಬೆಲ್ಲನ್ನೂ. ಅಂಗಡಿಯ ಹುಡುಗ ನಗುತ್ತಲೇ ಬೋಲ್ಟು ಬಿಗಿದ. ಕಳೆದ ಗುರುವಾರ ಕ್ಯಾರಿಯರಿನ ಮೇಲೆ ಒಂದು ಗೊನೆ ಏಲಕ್ಕಿ ಬಾಳೆ, ಒಂದು ಚೀಲ ಕಾಫಿಪುಡಿ ಬಂದವು. ಎರಡನೆಯ ಲೋಟ ಕಾಫಿ ಮುಗಿಸಿ, ಬಿಸಿಲು ಇಳಿದ ಮೇಲೆ ನಾನು ಹೊರಟಿದ್ದೆ.